ಗಾಳಿ ಇಳಿದರೂ ಹೆಸರು ಅಳಿಸಬಾರದು

'ಚಂಡಮಾರುತ ನೆಲಕ್ಕೆ ಬಡಿದ ಮೇಲೆ ಮುಗೀತಲ್ವಾ ಸರ್?'

ಹಡಗುಗಳಿಗೆ ಹವಾಮಾನ ಸಲಹೆ ಕೊಡುವ ನನ್ನ ಕೆಲಸದಲ್ಲಿ ಈ ಪ್ರಶ್ನೆಯನ್ನು ಜನ ನನಗೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಬಹುಪಾಲು ಹೌದು. ಚಂಡಮಾರುತಕ್ಕೆ ಬೆಚ್ಚಗಿನ ಕಡಲೇ ಅನ್ನ. ನೆಲದ ಮೇಲೆ ಅದು ಸಿಗುವುದಿಲ್ಲ. ಕಾಡು, ಗುಡ್ಡಗಳಿಗೆ ಉಜ್ಜಿ ಗಾಳಿಯ ವೇಗವೂ ಇಳಿಯುತ್ತದೆ. ಆದರೆ ನೆಲವೇ ಅಗಲ ಕಡಿಮೆ ಇದ್ದರೆ?

2016ರ ನವೆಂಬರ್ 24 ನನಗೆ ಚೆನ್ನಾಗಿ ನೆನಪಿದೆ. ಅಟ್ಲಾಂಟಿಕ್ ಕಡೆಯಿಂದ ಬಂದ 'ಓಟೋ' ಚಂಡಮಾರುತ ಮಧ್ಯಾಹ್ನದ ಹೊತ್ತಿಗೆ ಮಧ್ಯ ಅಮೆರಿಕದ ನಿಕರಾಗುವಾ ದೇಶದ ದಕ್ಷಿಣ ತುದಿಗೆ ಬಡಿಯಿತು. ಗಾಳಿ ಗಂಟೆಗೆ ಸುಮಾರು 185 ಕಿ.ಮೀ. ಅಲ್ಲಿಂದ ಪೆಸಿಫಿಕ್ ಕಡಲಿಗೆ ದೂರ ಜಾಸ್ತಿಯಿಲ್ಲ. ನಡುವೆ ಸಾನ್ ಹ್ವಾನ್ ನದಿಯ ತಗ್ಗು ಪ್ರದೇಶ. ಎತ್ತರದ ಬೆಟ್ಟಸಾಲು ಅಡ್ಡ ಬಂದಿದ್ದರೆ ಸುಳಿ ಹರಿದು ಚೂರಾಗುತ್ತಿತ್ತೋ ಏನೋ. ಓಟೋ ಆ ತಗ್ಗನ್ನು ಹಿಡಿದು, ಪಕ್ಕದ ದೇಶ ಕೋಸ್ಟಾರಿಕಾದ ಉತ್ತರ ಅಂಚಿನ ಮೇಲೆ ಹಾದು, ಸುಮಾರು ಹತ್ತು ಗಂಟೆಯಲ್ಲಿ ಆಚೆ ಕಡಲಿಗೆ ಇಳಿಯಿತು. ದುರ್ಬಲವಾಗಿತ್ತು, ನಿಜ. ಆದರೆ ಸುಳಿ ಬಿಚ್ಚಿರಲಿಲ್ಲ. ಅದೇ ದಿನ ಎಲ್ ಸಾಲ್ವಡಾರ್ ಬಳಿ ಕಡಲಲ್ಲಿ ದೊಡ್ಡ ಭೂಕಂಪವೂ ಆಗಿ, ಪೆಸಿಫಿಕ್ ದಡದವರಿಗೆ ಸುನಾಮಿ ಭಯವೂ ಸೇರಿಕೊಂಡಿತ್ತು.

ಜನ ಸತ್ತದ್ದು ಗಾಳಿ ಜೋರಾಗಿದ್ದ ದಡದಲ್ಲಿ ಅಲ್ಲ, ಒಳನಾಡಿನಲ್ಲಿ. ಕೋಸ್ಟಾರಿಕಾದ ಬಿಹಾಗ್ವಾ ಊರು ಎರಡು ಜ್ವಾಲಾಮುಖಿ ಬೆಟ್ಟಗಳ ನಡುವೆ ಇದೆ. ಇಂಥ ಇಳಿಜಾರಿಗೆ ತೇವದ ಗಾಳಿ ತಾಗಿದರೆ ಮೇಲೇರಿ, ತಣ್ಣಗಾಗಿ, ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಆ ರಾತ್ರಿ ಆದದ್ದೂ ಅದೇ. ನೀರು ಕೆಳಗಿನ ಉಪಾಲಾ ಪಟ್ಟಣಕ್ಕೆ ನುಗ್ಗಿತು. ಆ ದೇಶದಲ್ಲಿ ಹತ್ತು ಜನ ತೀರಿಕೊಂಡರು. ಗಾಳಿ ಇಳಿದಿದೆ ಅಂದರೆ ಮಳೆಯೂ ಇಳಿದಿದೆ ಅಂತಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹೀಗೆ ನೆಲ ದಾಟುವ ಚಂಡಮಾರುತದ ಹೆಸರಿನ ವಿಷಯ ಸಣ್ಣದು ಅನ್ನಿಸಬಹುದು. ಹಿಂದೆ ಕಡಲು ಬದಲಾದರೆ ಹೆಸರೂ ಬದಲಾಗುತ್ತಿತ್ತು. 1988ರ 'ಜೋನ್' ಆಚೆ ಹೋಗಿ 'ಮಿರಿಯಂ' ಆಯಿತು. 1996ರ 'ಸೀಸರ್' ಪೆಸಿಫಿಕ್‌ನಲ್ಲಿ 'ಡಗ್ಲಸ್' ಆಗಿ, ಮೊದಲಿಗಿಂತ ಜೋರಾಯಿತು. ಈಗ ಸುಳಿ ಉಳಿದರೆ ಹೆಸರೂ ಉಳಿಯುತ್ತದೆ. ಇದು ಸರಿಯಾದ ಕ್ರಮ. ಮೂರು ದಿನದಿಂದ ರೇಡಿಯೋದಲ್ಲಿ ಒಂದು ಹೆಸರು ಕೇಳುತ್ತಿದ್ದ ಮೀನುಗಾರನಿಗೆ ರಾತ್ರಿ ಕಳೆಯುವಷ್ಟರಲ್ಲಿ ಇನ್ನೊಂದು ಹೆಸರು ಹೇಳಿದರೆ, ಹಳೆಯದು ಹೋಯಿತು, ಇದು ಬೇರೆ ಯಾವುದೋ ಅಂದುಕೊಳ್ಳುತ್ತಾನೆ. 2022ರಲ್ಲಿ 'ಬಾನಿ' ನಿಕರಾಗುವಾ ದಾಟಿ, ಅದೇ ಹೆಸರಿನಲ್ಲೇ ಪೆಸಿಫಿಕ್‌ನಲ್ಲಿ ಐದು ದರ್ಜೆಗಳ ಅಳತೆಯಲ್ಲಿ ಮೂರನೇ ದರ್ಜೆಗೆ ಬೆಳೆಯಿತು.

ನಮ್ಮ ಕಡೆಯೂ ಇದು ಹೊಸತಲ್ಲ. 2018ರ ನವೆಂಬರ್‌ನಲ್ಲಿ 'ಗಜ' ತಮಿಳುನಾಡಿಗೆ ಬಡಿದು, ನೆಲ ದಾಟಿ ಅರಬ್ಬಿ ಸಮುದ್ರಕ್ಕೆ ಬಂತು. ಅದಕ್ಕೇ ಬಂಗಾಳ ಕೊಲ್ಲಿಯ ಚಂಡಮಾರುತ ಪೂರ್ವದ ದಡ ಮುಟ್ಟಿದ ಕೂಡಲೇ ನಾನು ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಪಶ್ಚಿಮದಲ್ಲಿರುವ ಹಡಗುಗಳ ಪಟ್ಟಿ ತೆಗೆಯುತ್ತೇನೆ.