ಮೂವತ್ತು ಸೆಕೆಂಡಿನ ಆರು ಅಂಕಿ

ಖಾತೆಗೆ ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಕೇಳುವ ಕೋಡನ್ನು ತೋರಿಸುವ ಆಥೆಂಟಿಕೇಟರ್ ಆ್ಯಪ್ ತೆರೆದರೆ ಕಾಣುವ ಆರಂಕಿ ಸಂಖ್ಯೆ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಬದಲಾಗುತ್ತಲೇ ಇರುತ್ತದೆ. ಹಾಗಿದ್ದರೆ ಅತ್ತ ಸಂಸ್ಥೆಯ ಸರ್ವರಿಗೆ ಅದೇ ಸಂಖ್ಯೆ ಗೊತ್ತಾಗುವುದು ಹೇಗೆ?

ಮೊದಲ ದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗಲೇ ಒಂದು ಗುಪ್ತಕೀಲಿ ಫೋನಿಗೆ ಬಂದಿರುತ್ತದೆ. ಅದರ ಪ್ರತಿ ಸರ್ವರಿನಲ್ಲೂ ಇರುತ್ತದೆ. ಆಮೇಲೆ ಎರಡೂ ಕಡೆ ಒಂದೇ ಲೆಕ್ಕ. 1970ರ ಜನವರಿ 1ರಿಂದ ಈವರೆಗಿನ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಶೇಷ ಬಿಟ್ಟು, ಭಾಗಲಬ್ಧವನ್ನು ಗುಪ್ತಕೀಲಿಯೊಡನೆ ಹ್ಯಾಶ್ ಮಾಡಬೇಕು, ಅಂದರೆ ಮತ್ತೆ ಬಿಡಿಸಲಾಗದಂತೆ ಕಲಸಿ ನಿಗದಿತ ಉದ್ದದ ಸಂಖ್ಯೆಯಾಗಿಸಬೇಕು. ಸಾಮಾನ್ಯವಾಗಿ ಬಳಸುವ ಎಸ್‌ಎಚ್‌ಎ-1 ಎಂಬ ಹ್ಯಾಶ್ ವಿಧಾನದಲ್ಲಿ 20 ಬೈಟ್ ಸಿಗುತ್ತದೆ. ಅದರಲ್ಲಿ ಎಲ್ಲಿಂದ ನಾಲ್ಕು ಬೈಟ್ ಎತ್ತಿಕೊಳ್ಳಬೇಕೆಂಬುದನ್ನು ಕೊನೆಯ ನಾಲ್ಕು ಬಿಟ್‌ಗಳೇ ಹೇಳುತ್ತವೆ. ಎತ್ತಿಕೊಂಡದ್ದರ ಮೊದಲ ಬಿಟ್ ತೆಗೆದು, ಹತ್ತು ಲಕ್ಷದಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಆರಂಕಿ. 2011ರಲ್ಲಿ ಪ್ರಕಟವಾದ ಈ ಮಾನಕವನ್ನು ಯಾರು ಬೇಕಾದರೂ ಓದಬಹುದು. ಗುಟ್ಟಾಗಿರಬೇಕಾದದ್ದು ಕೀಲಿಯೊಂದೇ, ಅದೇ ಇದರ ಸೊಗಸು.

ಹಲವು ಸರ್ವರುಗಳು ಹಿಂದಿನ ಮತ್ತು ಮುಂದಿನ ಒಂದೊಂದು ಕೋಡನ್ನೂ ಒಪ್ಪುತ್ತವೆ. ಫೋನಿನ ಗಡಿಯಾರ ಅದಕ್ಕೂ ಮೀರಿ ತಪ್ಪಿದ್ದರೆ ಎಷ್ಟು ಸಲ ಒತ್ತಿದರೂ ‘ತಪ್ಪು ಕೋಡ್’ ಎಂದೇ ಬರುತ್ತದೆ. ಆಗ ಮೊದಲು ನೋಡಬೇಕಾದದ್ದು ಸಮಯದ ಸೆಟ್ಟಿಂಗ್. ಇನ್ನು, ಹತ್ತು ಲಕ್ಷ ಸಾಧ್ಯತೆ ಯಂತ್ರಕ್ಕೆ ಏನೇನೂ ಅಲ್ಲ. ತಪ್ಪು ಪ್ರಯತ್ನಗಳಿಗೆ ಮಿತಿ ಹಾಕದ ಸರ್ವರಿನಲ್ಲಿ ಈ ಕೋಡಿಗೆ ಬೆಲೆಯಿಲ್ಲ.

ದೊಡ್ಡ ತೊಂದರೆ ಬೇರೆಯೇ ಇದೆ. ಕೋಡಿಗೆ ತಾನು ಯಾವ ಪುಟದಲ್ಲಿ ಬೀಳುತ್ತಿದ್ದೇನೆಂಬ ಅರಿವಿಲ್ಲ. ನಕಲಿ ಪುಟದಲ್ಲಿ ಟೈಪ್ ಮಾಡಿದರೆ ವಂಚಕನ ಪ್ರೋಗ್ರಾಂ ಅದನ್ನು ಕೂಡಲೇ ಅಸಲಿ ತಾಣಕ್ಕೆ ದಾಟಿಸಿ ಒಳಹೊಕ್ಕುಬಿಡುತ್ತದೆ. ಅದಕ್ಕೆ ಮೂವತ್ತು ಸೆಕೆಂಡು ಧಾರಾಳ. ಪಾಸ್‌ವರ್ಡ್ ಬದಲು ಜೋಡಿ ಕೀಲಿಗಳಿಂದ ಲಾಗಿನ್ ಮಾಡಿಸುವ ಪಾಸ್‌ಕೀ ಈ ದಾರಿಯನ್ನೇ ಮುಚ್ಚುತ್ತದೆ: ಖಾಸಗಿ ಕೀಲಿ ಬಳಕೆದಾರರ ಬಳಿಯೇ ಉಳಿಯುತ್ತದೆ, ಸರ್ವರಿನಲ್ಲಿರುವುದು ಸಾರ್ವಜನಿಕ ಕೀಲಿ ಮಾತ್ರ. ಲಾಗಿನ್ ಆಗುವಾಗ ಸರ್ವರ್ ಕಳಿಸುವ ಸವಾಲಿಗೆ ಖಾಸಗಿ ಕೀಲಿ ಸಹಿ ಹಾಕುತ್ತದೆ, ಸರ್ವರ್ ಅದನ್ನು ಸಾರ್ವಜನಿಕ ಕೀಲಿಯಿಂದ ಪರಿಶೀಲಿಸುತ್ತದೆ. ಸಹಿ ಹಾಕುವ ಮೊದಲು ಬ್ರೌಸರ್ ಅದಕ್ಕೆ ತಾಣದ ವಿಳಾಸವನ್ನು ಸೇರಿಸುತ್ತದೆ. ಒಂದಕ್ಷರ ಬೇರೆಯಾದ ವಿಳಾಸಕ್ಕೆ ಆ ಕೀಲಿ ಸಹಿ ಹಾಕುವುದೇ ಇಲ್ಲ, ಕಣ್ಣಿಗೆ ಮೋಸವಾದರೂ.

ಇಷ್ಟೆಲ್ಲ ಕಟ್ಟಿದ ಮೇಲೂ ‘ಫೋನ್ ಕಳೆದಿದೆ’ ಎಂದು ಕರೆ ಮಾಡಿದವರಿಗೆ ಹುಟ್ಟಿದ ದಿನ, ತಾಯಿಯ ಹೆಸರು ಕೇಳಿ ಖಾತೆ ತೆರೆದುಕೊಡುವ ಸಂಸ್ಥೆಗಳಿವೆ. ಅವು ನೆಂಟರಿಗೂ ನೆರೆಯವರಿಗೂ ಗೊತ್ತಿರುವ ಉತ್ತರಗಳು. ಖಾತೆ ತೆರೆದ ದಿನವೇ ಮರುಪಡೆಯುವ ಕೋಡ್‌ಗಳನ್ನು ಕೊಟ್ಟು, ಕಾಗದದಲ್ಲಿ ಬರೆದಿಡಿಸಿ, ಒಂದೊಂದನ್ನೂ ಒಂದೇ ಸಲ ಒಪ್ಪುವುದು ಇದಕ್ಕಿಂತ ಎಷ್ಟೋ ಭದ್ರ.