ಒಲೆ ಬರೀ ಹೊಗೆ ಕಾರುತ್ತದೆ, ಯಾವ ಮರದ ಕಟ್ಟಿಗೆ ತರಲಿ?

ಮಳೆ ಹಿಡಿದ ಕೂಡಲೇ ಬರುವ ಪ್ರಶ್ನೆ ಇದು. ಈ ಸಲ ಕೇಳಿದವರು ಪೆರ್ಲದ ಕಡೆಯ ಓದುಗರು: "ಬಚ್ಚಲ ಒಲೆಗೆ ಅಂತ ಒಂದು ಲೋಡು ರಬ್ಬರ್ ಕಟ್ಟಿಗೆ ತರಿಸಿದೆವು. ಗಂಟೆಗಟ್ಟಲೆ ಊದಿದರೂ ಹಂಡೆ ನೀರು ಕಾಯುವುದಿಲ್ಲ, ಮನೆ ತುಂಬ ಹೊಗೆ. ಯಾವ ಮರದ್ದು ತಂದರೆ ಒಳ್ಳೆಯದು?"

ನಮ್ಮ ಕಾಸರಗೋಡಿನಲ್ಲಿ ಮನೆ ಬೆಚ್ಚಗಾಗಲಿ ಅಂತ ಯಾರೂ ಬೆಂಕಿ ಹಾಕುವುದಿಲ್ಲ, ಸೆಕೆಯೇ ಸಾಕಷ್ಟಿದೆ. ನಮಗೆ ಕಟ್ಟಿಗೆ ಬೇಕಾಗುವುದು ಬಚ್ಚಲ ಹಂಡೆಗೆ, ಬಾಣಂತಿ ಸ್ನಾನಕ್ಕೆ, ಅಡಿಕೆ ಬೇಯಿಸುವುದಿದ್ದರೆ ಅದಕ್ಕೆ. ಊಟಿ ಕಡೆಯವರಿಗೆ ಕೋಣೆ ಕಾಯಿಸುವುದಕ್ಕೂ ಬೇಕು. ಎಲ್ಲಿ ಉರಿಸಿದರೂ ಲೆಕ್ಕ ಒಂದೇ.

ಮರ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಕಡಿದು ಎಷ್ಟು ತಿಂಗಳಾಯಿತು, ಸೀಳಿ ಬಿಸಿಲಿಗೆ ಹಾಕಿದ್ದರಾ, ಇದನ್ನು ಮೊದಲು ಕೇಳಿ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಹತ್ತು ಕಿಲೋ ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಹತ್ತಿರ ಹತ್ತಿರ ಐದು ಲೀಟರ್ ನೀರನ್ನೂ ಹಾಕಿದ ಹಾಗೆ. ಆ ನೀರು ಆವಿಯಾಗಿ ಹೋಗದೆ ಕಟ್ಟಿಗೆ ಸರಿಯಾಗಿ ಉರಿಯುವುದಿಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 75 ಕಿಲೋ ಕ್ಯಾಲರಿ ಸಾಕು, ಆದರೆ ಕುದಿಯುವ ನೀರನ್ನು ಆವಿ ಮಾಡಲು ಇನ್ನೂ 540 ಬೇಕು. ಐದು ಲೀಟರಿಗೆ ಲೆಕ್ಕ ಹಾಕಿ, 3,000 ದಾಟುತ್ತದೆ. ಅಷ್ಟೂ ಶಾಖ ಹಂಡೆಗೇ ಸಿಕ್ಕಿದ್ದರೆ 40 ಲೀಟರ್ ನೀರು ಹೆಚ್ಚುಕಡಿಮೆ ಕುದಿಯುತ್ತಿತ್ತು! ಅದೆಲ್ಲ ಹೊಗೆಯ ಜೊತೆ ಮಾಡಿಗೆ ಹೋಯಿತು. ಬೆಂಕಿ ತಣ್ಣಗಿದ್ದರೆ ಕಟ್ಟಿಗೆಯಿಂದ ಬರುವ ಅನಿಲ ಪೂರ್ತಿ ಉರಿಯುವುದಿಲ್ಲ, ನಿಮ್ಮ ಕಣ್ಣು ಉರಿಸುವ ಹೊಗೆ ಅಂದರೆ ಅದೇ. ತೂಕದ ಲೆಕ್ಕದಲ್ಲಿ ಕೊಂಡಿದ್ದರೆ ನೀರಿಗೂ ದುಡ್ಡು ಕೊಟ್ಟಿದ್ದೀರಿ.

ನಾನೂ ಕೊಟ್ಟಿದ್ದೇನೆ, ಹಾಗಾಗಿ ಬೇಜಾರು ಮಾಡಬೇಡಿ. ಒಂದು ಜುಲೈಯಲ್ಲಿ ಕಟ್ಟಿಗೆ ಮುಗಿದು ಪಿಕಪ್ಪಿನಲ್ಲಿ ರಬ್ಬರ್ ತರಿಸಿದ್ದೆ. ಮಾರಿದವನು "ಒಣಗಿದ್ದೇ" ಅಂದ, ಮೇಲಿನಿಂದ ನೋಡಿದರೆ ಹೌದು ಅನ್ನಿಸಿತು. ಅಮ್ಮ ಒಂದು ತುಂಡು ಎತ್ತಿ ಮೂಸಿ, "ಹುಳಿ ವಾಸನೆ ಬರ್ತದೆ ಮಾರಾಯ, ಇದು ಹಸಿ" ಅಂದರು. ನಾನು ಕೇಳಲಿಲ್ಲ. ಒಲೆಗೆ ದೂಡಿ ಐದು ನಿಮಿಷ ಆಗಿಲ್ಲ, ಕೊಳ್ಳಿಯ ಈಚೆ ತುದಿಯಲ್ಲಿ ಸುಂಯ್ ಅಂತ ಸದ್ದು, ಬಿಳಿ ನೊರೆ ಬಂದು ತೊಟ್ಟು ತೊಟ್ಟಾಗಿ ಬೂದಿಗೆ ಬಿತ್ತು. ಆ ನೊರೆ ಕಂಡರೆ ಬೇರೆ ಪರೀಕ್ಷೆ ಬೇಡ.

ಕೊಳ್ಳುವ ಮೊದಲೇ ತಿಳಿಯಬೇಕಲ್ವಾ? ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿ ಇದ್ದರೆ ದಬ್. ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಬಿಟ್ಟಿರಬೇಕು, ಸಿಪ್ಪೆ ಸಡಿಲಾಗಿರಬೇಕು. ಅನುಮಾನ ಬಂದರೆ ಒಂದನ್ನು ಅಲ್ಲೇ ಸೀಳಿಸಿ ಒಳಭಾಗವನ್ನು ಕೆನ್ನೆಗೆ ಹಿಡಿಯಿರಿ, ತಣ್ಣಗಿದ್ದರೆ ಹಸಿ. ಮನೆಯಲ್ಲೇ ಒಣಗಿಸುವವರಿಗೆ ಇನ್ನೂ ಸುಲಭ: ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ತುಂಡು ತೂಗಿ ಅದರ ಮೇಲೆಯೇ ಮಸಿಯಲ್ಲಿ ತೂಕ ಬರೆದಿಡಿ. ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಅರ್ಥ.

ಈಗ ಮರದ ವಿಷಯ. ಚೆನ್ನಾಗಿ ಒಣಗಿದ ಮೇಲೆ ಕಿಲೋಗೆ ಕಿಲೋ ನೋಡಿದರೆ ಮರದಿಂದ ಮರಕ್ಕೆ ಶಾಖದಲ್ಲಿ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಗಟ್ಟಿತನದಲ್ಲಿ. ಗಾಳಿಮರ, ಹುಣಸೆ, ಅಕೇಶಿಯಾ ಗಟ್ಟಿ, ಒಂದೇ ಕೊಳ್ಳಿ ತುಂಬ ಹೊತ್ತು ಉರಿದು ಒಳ್ಳೆ ಕೆಂಡ ಬಿಡುತ್ತದೆ. ಮಾವು, ಹಲಸು, ಗೇರು, ರಬ್ಬರ್ ಮಧ್ಯಮ. ನುಗ್ಗೆ, ಬೂರುಗ ಸುಮ್ನೆ ಹೊರುವ ಕೆಲಸ. ರಬ್ಬರನ್ನು ಬೈಯಬೇಕಾಗಿಲ್ಲ, ಆದರೆ ಅದಕ್ಕೆ ಬೂಸ್ಟು, ಹುಳ ಬೇಗ ಹಿಡಿಯುತ್ತದೆ, ಕಡಿದ ಕೂಡಲೇ ಸೀಳಿ ಹರಡಬೇಕು. ಬೆಂಕಿ ಹಿಡಿಸಲು ತೆಂಗಿನ ಗರಿ, ಕೊತ್ತಳಿಗೆ, ಗೆರಟೆ ನಮ್ಮಲ್ಲಿ ಧಾರಾಳ ಇರುವಾಗ ಪ್ಲಾಸ್ಟಿಕ್ ಚೀಲ ಯಾಕೆ ಹಾಕುತ್ತಾರೋ! ಪೈಂಟ್ ಬಳಿದ ಹಲಗೆ, ಪ್ಲೈವುಡ್ ಕೂಡ ಬೇಡ. ಚೇರೆ ಮರದ ಸೊನೆ ತಾಗಿದರೆ ಮೈ ಗುಳ್ಳೆ ಏಳುತ್ತದೆ, ಅದನ್ನು ಕಡಿಯುವುದೂ ಬೇಡ, ಉರಿಸುವುದೂ ಬೇಡ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಅದೇ ಜಾತಿಯದು.

ನಮ್ಮ ಊರಿನ ಕಷ್ಟ ಏನೆಂದರೆ ಒಣಗಲು ಸಿಗುವುದು ಡಿಸೆಂಬರಿನಿಂದ ಮೇ ತನಕ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಕಡಿದು, ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿ, ಮುರಕಲ್ಲಿನ ಮೇಲೆ ಅಡ್ಡ ಕೋಲು ಇಟ್ಟು ಒಟ್ಟಿ. ನೆಲಕ್ಕೆ ತಾಗಿದರೆ ಒರಲೆ ಹಿಡಿಯುತ್ತದೆ. ಟರ್ಪಾಲು ಮೇಲಕ್ಕೆ ಮಾತ್ರ ಸಾಕು. ಪೂರ್ತಿ ಸುತ್ತಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸಿಗೆ, ಎಲ್ಲ ಮಾಡಿನಡಿ ಸೇರಿರಬೇಕು. ಆಮೇಲೂ ಮಳೆಗಾಲದ ಗಾಳಿಯ ತೇವವನ್ನು ಕಟ್ಟಿಗೆ ಹೀರುತ್ತದೆ. ಅದಕ್ಕೇ ನಾಳೆಗೆ ಬೇಕಾದ್ದನ್ನು ಇವತ್ತೇ ಒಲೆಯ ಪಕ್ಕ ತಂದಿಡುವುದು. ರಾಶಿಯೊಳಗೆ ಕೈ ಹಾಕುವ ಮೊದಲು ಕೋಲಿನಲ್ಲಿ ಒಮ್ಮೆ ತಟ್ಟಿ, ಹಾವು, ಚೇಳಿಗೂ ಅದು ಬೆಚ್ಚಗಿನ ಜಾಗ.

ಉರಿಸುವಾಗ ಒಲೆಯ ಬಾಯಿ ತುಂಬ ತುರುಕಬೇಡಿ. ಮೂರು ಸೀಳು ಸಾಕು, ನಡುವೆ ಗಾಳಿ ಆಡಬೇಕು. ಹಳೆ ಬೂದಿ ತೆಗೆದು ಕೆಳಗೆ ಕಬ್ಬಿಣದ ಜಾಲರಿ ಇಟ್ಟರೆ ಊದುವ ಕೆಲಸ ಅರ್ಧ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆಯಲ್ಲೂ ಜಾಲರಿ, ಮುಚ್ಚಿದ ಬೆಂಕಿಗೂಡು, ಹೊಗೆಕೊಳವೆ ಇವೇ ಮುಖ್ಯ. ಹಂಡೆಗೆ ಮುಚ್ಚಳ ಹಾಕಿ, ತಳದ ದಪ್ಪ ಮಸಿ ಆಗಾಗ ಕೆರೆಯಿರಿ.

ಒಂದು ವಿಷಯಕ್ಕೆ ಮಾತ್ರ ನಾನು ಜೋರು ಮಾಡುತ್ತೇನೆ. ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಮುಚ್ಚಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗದೆ ಜೀವ ಹೋಗಬಹುದು.

ಪೆರ್ಲದವರಿಗೆ ಈಗ ಉಳಿದ ದಾರಿ: ಆ ಲೋಡನ್ನು ಸಣ್ಣಗೆ ಸೀಳಿ ಮಾಡಿನಡಿ ಗಾಳಿ ಬರುವ ಕಡೆ ಒಟ್ಟಿಡಿ, ಈ ಮಳೆಗಾಲಕ್ಕೆ ಗೆರಟೆ, ಒಣ ತೆಂಗಿನ ಸಿಪ್ಪೆಯಲ್ಲಿ ಸುಧಾರಿಸಿ. ನನ್ನ ಜುಲೈ ಲೋಡಿನಲ್ಲಿ ಕಾಲು ಭಾಗ ಹುಳ ತಿಂದು ಹುಡಿಯಾಯಿತು. ಉಳಿದದ್ದು ಒಂದು ಬೇಸಿಗೆ ಕಂಡು ಮರುವರ್ಷ ಜೂನಿನಲ್ಲಿ ಎರಡು ಗೆರಟೆಗೇ ಹಿಡಿದುಕೊಂಡಿತು. ಅಮ್ಮ ಆಗಲೂ ಒಂದು ತುಂಡು ಮೂಸಿ ನೋಡಿದರು, ಏನೂ ಹೇಳಲಿಲ್ಲ.