ಮಸಲ್ ಕಾರು ಕಳೆದುಕೊಂಡಿದ್ದು ಬರೀ ಸದ್ದನ್ನಲ್ಲ

ಅಕ್ಕನ ಮಗ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಹೋದ ತಿಂಗಳು ಫೋನ್ ಮಾಡಿದವನು ಕೇಳಿದ: "ಮಾಮ, ಎಲೆಕ್ಟ್ರಿಕ್ ಅಂತೆ, ಸೌಂಡೇ ಇಲ್ಲ ಅಂದ್ಮೇಲೆ ಅದೆಂಥಾ ಮಸಲ್ ಕಾರು?"

ಡೆಟ್ರಾಯಿಟ್ ಪಕ್ಕದ ಊರಲ್ಲಿ ಕೂತು ಕಾರುಗಳ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ದೊಡ್ಡ ಇಂಜಿನ್, ಜೋರು ಸದ್ದಿನ ಅಮೆರಿಕದ ಕಾರುಗಳನ್ನು ಇಲ್ಲಿ ಮಸಲ್ ಕಾರು ಎನ್ನುತ್ತಾರೆ. ಪ್ರತಿ ಆಗಸ್ಟ್‌ನಲ್ಲಿ ಇಲ್ಲಿನ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೆ ಕಾರುಗಳ ಜಾತ್ರೆ ನಡೆಯುತ್ತದೆ. 1995ರಿಂದ ನಡೆದುಬಂದಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ರಸ್ತೆಯುದ್ದಕ್ಕೂ ಜನ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ವಿ8 ಇಂಜಿನ್ನಿನ ಒಂದು ಹಳೆ ಕಾರು ಸಿಗ್ನಲ್ಲಿನಲ್ಲಿ ನಿಂತು ಸುಮ್ನೆ ಗುರುಗುಟ್ಟಿದರೂ ಸಾಕು, ಎಲ್ಲರ ತಲೆಯೂ ಆ ಕಡೆ ತಿರುಗುತ್ತದೆ. ನಾನೂ ತಿರುಗಿಸುತ್ತೇನೆ. ಜಾವಾ, ಯೆಜ್ಡಿ ಬೈಕುಗಳ ಸದ್ದು ಕೇಳುತ್ತಾ ಮೈಸೂರಿನಲ್ಲಿ ಬೆಳೆದವನು ನಾನು. ಸದ್ದಿನ ಮೇಲಿನ ಮೋಹ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ಮೊದಲು ಸದ್ದಿನ ವಿಷಯ. ಅಮೆರಿಕದ ವಿ8 ಆ ಥರ ಕುಣಿಯುವುದಕ್ಕೆ ಕಾರಣವಿದೆ. ಎಂಟು ಸಿಲಿಂಡರ್, ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಅವು ಉರಿಯುವ ಸರದಿ, ಬಹಳಷ್ಟು ಇಂಜಿನ್‌ಗಳಲ್ಲಿ, 1-8-4-3-6-5-7-2. ಬೆಸ ಸಂಖ್ಯೆಗಳೆಲ್ಲ ಒಂದು ಕಡೆ, ಸಮ ಸಂಖ್ಯೆಗಳೆಲ್ಲ ಇನ್ನೊಂದು ಕಡೆ. ಈಗ ಒಂದು ಕಡೆಯ ಸೈಲೆನ್ಸರ್ ಪೈಪಿಗೆ ಮಾತ್ರ ಕಿವಿ ಕೊಡಿ. ಎಂಟು ಎಣಿಕೆಯಲ್ಲಿ ಪೆಟ್ಟು ಬೀಳುವುದು ಒಂದು, ನಾಲ್ಕು, ಆರು, ಏಳನೆಯ ಜಾಗದಲ್ಲಿ. ಬಾಯಲ್ಲಿ ಹೇಳಿ ನೋಡಿ: ತಕಿಟ, ತಕ, ತ, ತಕ. ಮೂರು, ಎರಡು, ಒಂದು, ಎರಡು. ಒಟ್ಟು ಎಂಟು. ಆದಿತಾಳದ ಎಂಟು ಎಣಿಕೆಯೊಳಗೆ ಮೃದಂಗದವರು ಹೆಣೆಯುವ ಲೆಕ್ಕದಂತೆಯೇ ಇದು. ಎಣಿಕೆ ಸರಿಯಾಗಿ ಮುಗಿಯುತ್ತದೆ, ಪೆಟ್ಟು ಮಾತ್ರ ಸಮವಾಗಿ ಬೀಳುವುದಿಲ್ಲ. ಆ ಗುಡುಗುಡು ಅಂದರೆ ಇಷ್ಟೇ.

ಎಲೆಕ್ಟ್ರಿಕ್ ಮೋಟರಿನಲ್ಲಿ ಉರಿಯುವುದೇ ಏನೂ ಇಲ್ಲ, ಲಯ ಎಲ್ಲಿಂದ ಬರಬೇಕು? ಡಾಡ್ಜ್ ಕಂಪನಿ ತನ್ನ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾಗೆ ಸ್ಪೀಕರ್ ಮತ್ತು ಗಾಳಿಯ ಕೋಣೆಗಳಿರುವ ಒಂದು 'ಎಕ್ಸಾಸ್ಟ್' ಮಾಡಿತು. 2022ರಲ್ಲಿ ಮಾದರಿ ಕಾರನ್ನು ತೋರಿಸಿದಾಗ ಅದರ ಸದ್ದು 126 ಡೆಸಿಬಲ್ ಎಂದು ಹೇಳಿಕೊಂಡಿತು. ಅದರ ಹಿಂದೆ ಎಷ್ಟು ಕೆಲಸ ಇರುತ್ತದೆ ಎಂದು ನನಗೆ ಗೊತ್ತು, ಆ ಎಂಜಿನಿಯರುಗಳ ಬಗ್ಗೆ ಗೌರವವಿದೆ. ಆದರೂ ನನಗೆ ಆ ದಾರಿ ಒಪ್ಪಿಗೆಯಾಗುವುದಿಲ್ಲ. ವಿ8 ಸದ್ದು ಮಾಡುವುದು ಅದು ಕೆಲಸ ಮಾಡುತ್ತಿರುವುದರಿಂದ. ಮೋಟರಿಗೂ ತನ್ನದೇ ದನಿ ಇದೆ, ಗೇರಿನ ಹಲ್ಲು, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರ್ ಸೇರಿ ಹೊರಡಿಸುವ ಸಣ್ಣ ಕೀರಲು. ಅದನ್ನೇ ಚೆನ್ನಾಗಿ ಕೇಳಿಸುವಂತೆ ಮಾಡಬಹುದಲ್ವಾ?

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ನಾನು ಟಾರ್ಕ್ ಕ್ಯಾಲಿಬ್ರೇಷನ್ ಮಾಡುವವನು. ಟಾರ್ಕ್ ಅಂದರೆ ಚಕ್ರವನ್ನು ತಿರುಗಿಸುವ ಬಲ. ಆಕ್ಸಿಲರೇಟರ್ ಇಷ್ಟು ತುಳಿದರೆ ಗಾಡಿ ಎಷ್ಟು ನುಗ್ಗಬೇಕು, ಎಷ್ಟು ಬೇಗ ನುಗ್ಗಬೇಕು ಎಂದು ತೀರ್ಮಾನಿಸುವ ಅಂಕಿಗಳ ಪಟ್ಟಿ, ಅಂದರೆ ಪೆಡಲ್ ಪಟ್ಟಿಯೇ ನನ್ನ ಹೊಲ. ಹಳೆ ಮಸಲ್ ಕಾರುಗಳ 426 ಹೆಮಿ ಎಂಬ ವಿ8 ಇಂಜಿನ್ ತನ್ನ ಪೂರ್ತಿ ಟಾರ್ಕ್ ಕೊಡುತ್ತಿದ್ದದ್ದು 4,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 4,000 ಸುತ್ತಿನ ಹತ್ತಿರ. ಅಲ್ಲಿಗೆ ಮುಟ್ಟುವವರೆಗೆ ಕಾಯಬೇಕು. ಗಾಳಿ ಒಳಗೆ ತುಂಬಬೇಕು, ಪೆಟ್ರೋಲ್ ಉರಿಯಬೇಕು. ಮೋಟರಿಗೆ ಈ ಕಾಯುವಿಕೆ ಇಲ್ಲ. ಚಕ್ರ ಇನ್ನೂ ನಿಂತೇ ಇರುವಾಗಲೇ ಪೂರ್ತಿ ಬಲ ಸಿದ್ಧ. ಕೇಳಿದ ಟಾರ್ಕ್ ಕೆಲವೇ ಮಿಲಿಸೆಕೆಂಡಿನಲ್ಲಿ ಕೈಗೆ ಬರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ನನ್ನ ಕೆಲಸದ ಹೆಚ್ಚಿನ ಭಾಗ ಆ ಬಲವನ್ನು ಹಿಡಿದು ನಿಲ್ಲಿಸುವುದೇ.

ಒಂದು ಬೆಳಿಗ್ಗೆಯ ಕೆಲಸ ಹೇಳುತ್ತೇನೆ. ಟೆಸ್ಟ್ ಟ್ರ್ಯಾಕ್. ಡ್ರೈವರ್ ಪಕ್ಕದ ಸೀಟಿನಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಿಂದ ಡ್ಯಾಶ್‌ಬೋರ್ಡ್ ಕೆಳಗೆ ಹೋಗಿರುವ ಕೇಬಲ್. ಡ್ರೈವರ್ ಕಾಲು ತೆಗೆಯುತ್ತಾನೆ. ಮೋಟರ್ ಈಗ ಜನರೇಟರ್ ಆಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದೆ. ತಕ್ಷಣ ಮತ್ತೆ ತುಳಿಯುತ್ತಾನೆ. "ಟಣ್!" ಸೀಟಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಮೋಟರಿನಿಂದ ಚಕ್ರದವರೆಗೆ ಇರುವ ಗೇರಿನ ಹಲ್ಲುಗಳ ಮಧ್ಯೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ಎಳೆತ ಹೋಗಿ ತಳ್ಳಾಟ ಶುರುವಾದಾಗ ಹಲ್ಲು ಈ ಕಡೆಯಿಂದ ಆ ಕಡೆಗೆ ಹಾರಿ ಬಡಿಯುತ್ತದೆ. ಅದಕ್ಕೆ ಟಾರ್ಕ್ ಸೊನ್ನೆಯನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಅದನ್ನು ನಿಧಾನ ಮಾಡುತ್ತೇವೆ. ಹಲ್ಲಿಗೆ ಹಲ್ಲು ಮೆತ್ತಗೆ ತಾಗಿದ ಮೇಲೆ ಬಿಟ್ಟುಬಿಡುತ್ತೇವೆ. ಒಂದು ಅಂಕಿ ಬದಲಿಸು, ಇನ್ನೊಂದು ಸುತ್ತು ಹೋಗು. "ಟಣ್" ಹೋಗಿ "ಟಕ್" ಆಯಿತು. ಇನ್ನೊಂದು ಅಂಕಿ. ಜಾಸ್ತಿ ನಿಧಾನ ಮಾಡಿದರೆ ಗಾಡಿ ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ಆಡುತ್ತದೆ. ಮಧ್ಯಾಹ್ನದವರೆಗೆ ಇದೇ. ಕೊನೆಗೆ ಏನೂ ಕೇಳಿಸದೆ, ಬೆನ್ನು ಮಾತ್ರ ಸೀಟಿಗೆ ಒತ್ತಿದಾಗ ಡ್ರೈವರ್ ಹೆಬ್ಬೆರಳು ಎತ್ತಿದ. ಆ ಖುಷಿಯೇ ಬೇರೆ.

ಆದರೆ ಎಷ್ಟೇ ಬಲ ಇರಲಿ, ಕೊನೆಯ ಮಾತು ಟೈರಿನದು. ರಸ್ತೆ ಮತ್ತು ಟೈರ್ ನಡುವಿನ ಹಿಡಿತ ಗಾಡಿಯ ತೂಕದಷ್ಟೇ ಇದೆ ಎಂದುಕೊಳ್ಳಿ. ಆಗ ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ವೇಗಕ್ಕೆ, ಇಲ್ಲಿನವರ ಲೆಕ್ಕದಲ್ಲಿ 60 ಮೈಲಿಗೆ, ಹೋಗಲು 2.7 ಸೆಕೆಂಡ್ ಬೇಕೇ ಬೇಕು. ಸಾವಿರ ಹಾರ್ಸ್‌ಪವರ್ ಕೊಟ್ಟರೂ ಅಷ್ಟೇ. ಎಲೆಕ್ಟ್ರಿಕ್ ಡೇಟೋನಾದ ಸ್ಕ್ಯಾಟ್ ಪ್ಯಾಕ್ ಎಂಬ 670 ಹಾರ್ಸ್‌ಪವರಿನ ಮಾದರಿ ಇದನ್ನು 3.3 ಸೆಕೆಂಡಿನಲ್ಲಿ ಮಾಡುತ್ತದೆ ಎಂದು ಕಂಪನಿ ಹೇಳುತ್ತದೆ. ನೇರ ರಸ್ತೆಯಲ್ಲಿ ಜೋರಾಗಿ ನುಗ್ಗುವ ಸಮಸ್ಯೆ ಮುಗಿದೇ ಹೋಯಿತು ಎಂದು ನಾನು ಹೇಳುವುದು ಇದಕ್ಕೇ. ಉಳಿದಿರುವುದು ತೂಕದ ಸಮಸ್ಯೆ. ಆ ಕಾರು 2,600 ಕೆಜಿ ದಾಟುತ್ತದೆ, ಅದರಲ್ಲಿ 100.5 ಕಿಲೋವ್ಯಾಟ್ ಅವರ್ ಬ್ಯಾಟರಿ. ನುಗ್ಗುವಾಗ ಈ ತೂಕ ಅಷ್ಟು ಗೊತ್ತಾಗುವುದಿಲ್ಲ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಟೈರ್ ಬದಲಿಸುವ ಬಿಲ್ ಬಂದಾಗ ಗೊತ್ತಾಗುತ್ತದೆ.

ಅಳಿಯನಿಗೆ ನಾನು ಹೇಳಿದ ಮುಖ್ಯ ವಿಷಯ ಇದ್ಯಾವುದೂ ಅಲ್ಲ. "1964ಕ್ಕೆ ಹೋಗೋಣ ಕಣೋ" ಎಂದೆ. ಆಗ ಜನರಲ್ ಮೋಟಾರ್ಸ್‌ನಲ್ಲಿ ಒಂದು ನಿಯಮವಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಕೂರಿಸುವ ಹಾಗಿಲ್ಲ. ಅದರದೇ ಪಾಂಟಿಯಾಕ್ ಎಂಬ ವಿಭಾಗದ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು ಒಂದು ದಾರಿ ಹುಡುಕಿದರು. ಹೊಸ ಕಾರು ಎಂದರೆ ತಾನೇ ನಿಯಮ? ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ ಒಂದು 'ಆಪ್ಷನ್' ಎಂದು 389 ಕ್ಯೂಬಿಕ್ ಇಂಚಿನ, ಅಂದರೆ 6.4 ಲೀಟರಿನ ವಿ8 ಕೊಟ್ಟರು. ಮಸಾಲೆ ದೋಸೆಗೆ ಮೇಲೊಂದು ಬೆಣ್ಣೆ ಹಾಕಿಸಿಕೊಂಡ ಹಾಗೆ. ಆ ಆಪ್ಷನ್‌ಗೆ ಸುಮಾರು 300 ಡಾಲರ್. ಹೆಸರು ಜಿಟಿಒ. 5,000 ಹೋದರೆ ಹೆಚ್ಚು ಎಂದುಕೊಂಡಿದ್ದರು, ಮೊದಲ ವರ್ಷವೇ 32,450 ಮಾರಾಟವಾದವು.

ಪೂರ್ತಿ ಕಾರಿನ ಬೆಲೆ 3,000 ಡಾಲರ್ ಆಸುಪಾಸು. ಇಂದಿನ ಹಣದಲ್ಲಿ ಹೆಚ್ಚುಕಡಿಮೆ 30 ಸಾವಿರ. ಮಸಲ್ ಕಾರು ಅಂದರೆ ಇದೇ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ ಸಂಬಳದಲ್ಲಿ ಕೊಳ್ಳಬಹುದಾದ ವೇಗ. ಭಾನುವಾರ ಮನೆಯ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಕಾರ್ಬ್ಯುರೇಟರ್ ಬಿಚ್ಚಿ, ಕೈ ಮಸಿ ಮಾಡಿಕೊಂಡು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದ ಯಂತ್ರ. 1970ರ ಕ್ಲೀನ್ ಏರ್ ಆಕ್ಟ್, ಏರಿದ ವಿಮೆ, 1973ರ ತೈಲ ಬಿಕ್ಕಟ್ಟು ಸೇರಿ ಅದು ಒಮ್ಮೆ ಸತ್ತಿತ್ತು. ಆಮೇಲೆ ಮತ್ತೆ ಎದ್ದಿತು.

ಎಲೆಕ್ಟ್ರಿಕ್ ಡೇಟೋನಾ ಬಂದಾಗ ಅದರ ಕಡಿಮೆ ಬೆಲೆಯ ಆರ್‌ಟಿ ಮಾದರಿಗೇ ಸುಮಾರು 60 ಸಾವಿರ ಡಾಲರ್ ಇತ್ತು. ಸ್ಕ್ಯಾಟ್ ಪ್ಯಾಕ್‌ಗೆ 73 ಸಾವಿರದ ಮೇಲೆ. ಜಿಟಿಒ ಲೆಕ್ಕಕ್ಕೆ ಇದು ಎರಡರಷ್ಟು, ಅದಕ್ಕೂ ಮೇಲೆ. ಜನ ಸದ್ದಿಲ್ಲ ಎಂದು ಬೈದದ್ದು ಎಲ್ಲರಿಗೂ ಕೇಳಿಸಿತು. ಆದರೆ ಕೊಳ್ಳುವ ಮನಸ್ಸಿದ್ದೂ ಸಾಲ ಹುಟ್ಟದ ಹುಡುಗರು ಬೈಯುವುದಿಲ್ಲ, ಸುಮ್ಮನೆ ಹೊರಟುಹೋಗುತ್ತಾರೆ. 2026ಕ್ಕೆ ಆರ್‌ಟಿ ಎಲೆಕ್ಟ್ರಿಕ್ ಮಾದರಿ ಪಟ್ಟಿಯಲ್ಲಿ ಉಳಿಯಲಿಲ್ಲ. ಅದೇ ಮೈಕಟ್ಟಿನಲ್ಲಿ ಆರು ಸಿಲಿಂಡರಿನ, ಎರಡು ಟರ್ಬೊ ಇರುವ 3 ಲೀಟರ್ ಪೆಟ್ರೋಲ್ ಇಂಜಿನ್ ಬಂತು. ಅಮೆರಿಕ ಸರ್ಕಾರ ಕೊಡುತ್ತಿದ್ದ 7,500 ಡಾಲರಿನ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ ಕೊನೆಗೆ ನಿಂತಿತು.

ಮೋಟರ್ ದುಬಾರಿ ವಸ್ತುವಲ್ಲ. 2021ರಲ್ಲಿ ಫೋರ್ಡ್ ಕಂಪನಿ ಎಲ್ಯುಮಿನೇಟರ್ ಎಂಬ ಮೋಟರನ್ನು ಬಿಡಿಯಾಗಿ ಮಾರಿತು. 281 ಹಾರ್ಸ್‌ಪವರ್, 93 ಕೆಜಿ, ಬೆಲೆ 3,900 ಡಾಲರ್. ಹಳೆ ಕಾರಿಗೆ ತಾವೇ ಕೂರಿಸಿಕೊಳ್ಳುವವರು ಮುಗಿಬಿದ್ದು ಕೊಂಡರು. ಆದರೆ ಆ ದುಡ್ಡಿಗೆ ಬರುವುದು ಮೋಟರ್ ಒಂದೇ. ಇನ್ವರ್ಟರ್ ಬೇರೆ, ಬ್ಯಾಟರಿ ಬೇರೆ, ಅವನ್ನೆಲ್ಲ ಮಾತಾಡಿಸುವ ಸಾಫ್ಟ್‌ವೇರ್ ಬೇರೆ. ಹೊಸ ಕಾರುಗಳಲ್ಲಂತೂ ಆ ಸಾಫ್ಟ್‌ವೇರಿಗೆ ಬೀಗ ಹಾಕಿರುತ್ತೇವೆ. ಹಾಕುವವರಲ್ಲಿ ನಾನೂ ಒಬ್ಬ. ಹೈ ವೋಲ್ಟೇಜ್ ಇರುವ ಕಡೆ ಸುರಕ್ಷತೆಗೆ ಬೀಗ ಬೇಕು, ಅದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಆದರೆ ಪೆಡಲ್ ಪಟ್ಟಿಗೆ ಯಾಕೆ? ಟೈರ್ ಹಿಡಿತದ ಮಿತಿಯನ್ನು ನಾವು ಕಾಯ್ದಿಟ್ಟು, ಅದರೊಳಗೆ ಗಾಡಿ ಹೇಗೆ ನುಗ್ಗಬೇಕು ಎನ್ನುವುದನ್ನು ಯಜಮಾನನ ಕೈಗೇ ಬಿಡಬಹುದು. ಕಾರ್ಬ್ಯುರೇಟರಿನ ಸ್ಕ್ರೂ ಇದ್ದ ಜಾಗ ಇವತ್ತು ಅದೇ. ಕೆಲಸದಲ್ಲಿ ಇದನ್ನು ಮೀಟಿಂಗ್ ಮೇಲೆ ಮೀಟಿಂಗಿನಲ್ಲಿ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಅಳಿಯನ ಕಾಲೇಜಿನ ಹುಡುಗರು ಸೇರಿ ಸಣ್ಣದೊಂದು ಎಲೆಕ್ಟ್ರಿಕ್ ರೇಸ್ ಗಾಡಿ ಕಟ್ಟುತ್ತಿದ್ದಾರೆ. ಮೋಟರ್ ಸಿಕ್ಕಿದೆಯಂತೆ, ಬ್ಯಾಟರಿಗೆ ಇನ್ನೂ ದುಡ್ಡು ಹೊಂದಿಸುತ್ತಿದ್ದಾರೆ. ಮೊನ್ನೆ ಅವರ ಪೆಡಲ್ ಪಟ್ಟಿಯ ಫೋಟೊ ಕಳಿಸಿದ್ದ. ನಡುವಿನ ಸಾಲಿನಲ್ಲಿ, ಟಾರ್ಕ್ ಸೊನ್ನೆ ದಾಟುವಲ್ಲಿ, ಅಂಕಿ ತೀರಾ ದೊಡ್ಡದಿತ್ತು. "ಅದನ್ನ ಅರ್ಧಕ್ಕೆ ಇಳಿಸು, ಆಮೇಲೆ ಸೀಟಿನ ಕೆಳಗೆ ಏನು ಕೇಳಿಸುತ್ತೆ ಹೇಳು" ಎಂದು ಬರೆದೆ.